ಹವಳದ ಒಳಗೂ ಪಾಚಿ, ಹೊರಗೂ ಪಾಚಿ

ರಾತ್ರಿ ಹನ್ನೊಂದಕ್ಕೆ ಹಾಲ್‌ನ ದೀಪ ಆರಿಸಿ, ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಂಡು ತೊಟ್ಟಿಯ ಮುಂದೆ ಕುಳಿತರೆ ಬಸವನಹುಳು ಮೇಯುವುದು ಕಾಣುತ್ತದೆ. ಗಾಜಿಗೆ ಅಂಟಿದ ಅದರ ಬಾಯಿ ತೆರೆಯುತ್ತದೆ, ಅರದಂಥ ನಾಲಿಗೆ ಹಸಿರನ್ನು ಕೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಬೆಳಿಗ್ಗೆ ನೋಡಿದರೆ ಹಿಂಬದಿ ಗಾಜಿನ ಮೇಲೆ ಅಂಕುಡೊಂಕು ಗೆರೆಗಳು, ಆಗಷ್ಟೇ ಉತ್ತ ಗದ್ದೆಯ ಸಾಲಿನ ಹಾಗೆ.

ಬೆಂಗಳೂರಿನ ಮೂರನೇ ಮಹಡಿಯ ಮನೆಯಲ್ಲಿ ಮೂರಡಿ ಉದ್ದದ ಈ ಉಪ್ಪುನೀರಿನ ತೊಟ್ಟಿ ಇಟ್ಟು ಆರು ವರ್ಷವಾಯಿತು. ಮೊದಲ ಎರಡು ವರ್ಷ ಪಾಚಿಯ ಜೊತೆ ಹೋರಾಡುವುದರಲ್ಲೇ ಕಳೆದುಹೋದವು.

ಎಡವಿದ್ದು ನೀರಿನಲ್ಲಿ. ಹವಳಕ್ಕೆ ಬೇಕಾದ ಕಡಲನೀರನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಶುದ್ಧ ನೀರಿಗೆ ಪ್ಯಾಕೆಟ್ಟಿನ ಕಡಲ ಉಪ್ಪು ಬೆರೆಸಿ, ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಬರುವಂತೆ ನೋಡಿಕೊಂಡರಾಯಿತು. ಕುಡಿಯುವ ಆರ್‌ಒ ನೀರೇ ಸಾಕು ಎಂದರು ಅಂಗಡಿಯವರು. ಆದರೆ ಬೋರ್‌ವೆಲ್ ನೀರಿನಲ್ಲಿರುವ ಸಿಲಿಕಾ, ನೈಟ್ರೇಟುಗಳನ್ನು ಮನೆಯ ಆರ್‌ಒ ಯಂತ್ರ ಪೂರ್ತಿ ತಡೆಯುವುದಿಲ್ಲ. ಅದರ ನಂತರ ಅಯಾನು ಹೀರುವ ರಾಳದ ಇನ್ನೊಂದು ಕೊಳವೆ ದಾಟಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವವರೆಗೂ ಆ ನೀರು ಹವಳಕ್ಕೆ ಸಲ್ಲದು. ಮೂರನೇ ವಾರದಲ್ಲಿ ಮರಳಿನ ಮೇಲೆ ಕಂದು ಧೂಳು ಹರಡಿತು. ಅವು ಡಯಾಟಂಗಳು, ಸಿಲಿಕಾ ಹೀರಿ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುವ ಸೂಕ್ಷ್ಮ ಜೀವಿಗಳು. ಸಿಲಿಕಾ ಮುಗಿಯುತ್ತಿದ್ದಂತೆ ತಾವಾಗಿ ಹೋದವು. ಅವುಗಳ ಜಾಗಕ್ಕೆ ಬಂದದ್ದು ಕೂದಲಿನಂಥ ಹಸಿರು ಪಾಚಿ.

ಅದು ನನ್ನ ಜೋವಾಂಥಿಡ್‌ಗಳ ನಡುವೆ ಬೇರೂರಿತು. ಜೋವಾಂಥಿಡ್ ಎಂದರೆ ಅಂಗಿಯ ಗುಂಡಿಯಷ್ಟಗಲದ ಹೂವಿನಂಥ ಜೀವ, ಹವಳದ ಹತ್ತಿರದ ನೆಂಟ. ಪಾಚಿಯ ಎಳೆ ತಾಗಿದ ಕಡೆಯೆಲ್ಲ ಅದು ಮೊಗ್ಗಿನಂತೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡೇ ಇದ್ದರೆ ಬೆಳಕಿಲ್ಲದೆ ಸೊರಗುತ್ತದೆ. ಪ್ರತಿ ಭಾನುವಾರ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಕಿತ್ತ ಎಳೆಗಳನ್ನು ಸಣ್ಣ ಪೈಪಿನಿಂದ ಹೀರಿ ತೆಗೆಯುತ್ತಿದ್ದೆ. ಬುಧವಾರಕ್ಕೆ ಮತ್ತೆ ಅಷ್ಟೇ ಉದ್ದ. (ಈ ಕೆಲಸಕ್ಕೆ ಇಳಿಯುವವರು ಕೈಗವಸು ಹಾಕಿಕೊಳ್ಳಲೇಬೇಕು. ಜೋವಾಂಥಿಡ್ ಇರುವ ಕಲ್ಲನ್ನು ಎಂದೂ ಕುದಿಸಬಾರದು. ಕೆಲವು ಜಾತಿಗಳಲ್ಲಿರುವ ಪ್ಯಾಲಿಟಾಕ್ಸಿನ್ ತೀರ ಉಗ್ರವಾದ ವಿಷ; ಕಲ್ಲು ಕುದಿಸುವಾಗ ಅದರ ಹಬೆ ಸೇವಿಸಿ ಆಸ್ಪತ್ರೆ ಸೇರಿದವರಿದ್ದಾರೆ.) ಕುಮಟೆಯಿಂದ ಬಂದಿದ್ದ ಅಮ್ಮ ಒಂದು ವಾರ ನೋಡಿ ಕೇಳಿದಳು: “ತಮಾ, ಅಂಗಳಕ್ಕೆ ಹಾಕಿದಂಗೆ ಚೂರು ಬ್ಲೀಚಿಂಗ್ ಪೌಡರ್ ಹಾಕಿಬಿಟ್ರೆ?”

ಬ್ಲೀಚಿಂಗ್ ಪೌಡರ್ ಹಾಕಲಿಲ್ಲ. ಆದರೆ ಮಾಡಿದ್ದು ಹೆಚ್ಚು ಬೇರೆಯಾಗಿರಲಿಲ್ಲ. ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಹೀರಿಕೊಳ್ಳುವ ಕಬ್ಬಿಣದ ಹರಳುಗಳನ್ನು ಫಿಲ್ಟರಿಗೆ ತುಂಬಿದೆ. ಒಂದೂವರೆ ತಿಂಗಳಲ್ಲಿ ಫಾಸ್ಫೇಟ್ ಸೊನ್ನೆ, ನೈಟ್ರೇಟ್ ಸೊನ್ನೆ. ಹಸಿರು ಕೂದಲು ಬಿಳಿಚಿ ಉದುರಿತು. ಎರಡು ವಾರ ನೆಮ್ಮದಿ. ಆಮೇಲೆ ಒಂದು ಮಧ್ಯಾಹ್ನ ಮರಳಿನ ಮೇಲೆ ಕಂದು ಲೋಳೆ, ಅದರ ತುಂಬ ಸಿಕ್ಕಿಕೊಂಡ ಗಾಳಿಗುಳ್ಳೆಗಳು. ರಾತ್ರಿ ತೆಳುವಾಗುತ್ತಿತ್ತು, ದೀಪ ಹತ್ತಿದರೆ ಮತ್ತೆ ದಪ್ಪ. ಅದನ್ನು ತಿಂದ ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಕೆಳಗೆ ಬಿದ್ದು ಸತ್ತವು. ಹನ್ನೊಂದನ್ನು ನಾನೇ ಎತ್ತಿ ಹೊರಗೆ ಹಾಕಿದೆ.

ಅದು ಡೈನೋಫ್ಲಾಜೆಲೇಟ್. ಪೋಷಕಾಂಶ ಪೂರ್ತಿ ಬರಿದಾದ ತೊಟ್ಟಿಯಲ್ಲಿ ಪೈಪೋಟಿಯ ಜೀವಿಗಳೆಲ್ಲ ಹಸಿದು ಹಿಂದೆ ಸರಿದಾಗ ಅದು ತಲೆಯೆತ್ತುತ್ತದೆ. ಹವಳದ ಮೈಯೊಳಗೆ ವಾಸಿಸುವ, ಬಿಸಿಲಿನಿಂದ ಸಕ್ಕರೆ ಮಾಡಿ ಅದರ ಶಕ್ತಿಯ ಬಹುಪಾಲನ್ನು ಒದಗಿಸುವ ಸೂಕ್ಷ್ಮ ಪಾಚಿಯೂ ಇದೇ ಡೈನೋಫ್ಲಾಜೆಲೇಟ್ ಬಳಗದ್ದು! ಹವಳದ ಕಂದು ಛಾಯೆ ಹೆಚ್ಚಾಗಿ ಈ ಒಳಗಿನ ಪಾಚಿಯದೇ. ನೀರು ಬಿಸಿಯಾಗಿ ಇವು ಹೊರಬಿದ್ದಾಗ ಹವಳ ಬಿಳಿಚಿಕೊಳ್ಳುತ್ತದೆ, ಹಾಗೇ ಉಳಿದರೆ ಸಾಯುತ್ತದೆ. ನಾನು ನೀರಿನಿಂದ ಹೀರಿ ತೆಗೆದ ಫಾಸ್ಫೇಟ್ ಈ ಒಳಗಿನ ಪಾಚಿಗೂ ಬೇಕಾಗಿತ್ತು. ಉಳಿದ ಹವಳಗಳು ಯಾಕೆ ತೆಳುಬಣ್ಣಕ್ಕೆ ತಿರುಗಿದ್ದವು ಎಂಬುದು ಆಗ ಅರ್ಥವಾಯಿತು. ಹರಳುಗಳನ್ನು ತೆಗೆದೆ, ಮೀನಿಗೆ ಊಟ ತುಸು ಹೆಚ್ಚಿಸಿದೆ, ಎರಡು ತಿಂಗಳು ಕಾದೆ. ಲೋಳೆ ಹೋಯಿತು.

ಕಡಲಲ್ಲಿ ಪಾಚಿಯನ್ನು ಹತೋಟಿಯಲ್ಲಿಡುವ ಕೆಲಸ ಯಾರು ಮಾಡುತ್ತಾರೆ? ಕೆರಿಬಿಯನ್ ಸಮುದ್ರದಲ್ಲಿ ಡಯಾಡೆಮಾ ಎಂಬ, ಉದ್ದ ಕಪ್ಪು ಮುಳ್ಳುಗಳ ಚೆಂಡಿನಂಥ ಸೀ ಅರ್ಚಿನ್ ಮಾಡುತ್ತಿತ್ತು. ಹಗಲು ಬಂಡೆ ಸಂದಿನಲ್ಲಿ ಅಡಗಿದ್ದು ರಾತ್ರಿ ಹೊರಬಂದು ಪಾಚಿ ಮೇಯುವ ಪ್ರಾಣಿ. 1983ರಲ್ಲಿ ಪನಾಮಾ ಕರಾವಳಿಯಲ್ಲಿ ಇವಕ್ಕೊಂದು ರೋಗ ತಗುಲಿತು. ಮುಂದಿನ ವರ್ಷದೊಳಗೆ ಇಡೀ ಕೆರಿಬಿಯನ್‌ನಲ್ಲಿ ಶೇ 90ಕ್ಕೂ ಹೆಚ್ಚು ಡಯಾಡೆಮಾಗಳು ಸತ್ತವು. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಅದಕ್ಕೂ ಮೊದಲೇ ಬಲೆ, ಬೋನುಗಳು ಬರಿದು ಮಾಡಿದ್ದವು. 1980ರ ಚಂಡಮಾರುತ ಹವಳವನ್ನು ಮುರಿದು ಹಾಕಿತ್ತು. ಮೇಯುವ ಕೊನೆಯ ಬಾಯಿಯೂ ಇಲ್ಲವಾದ ಮೇಲೆ, 1970ರ ದಶಕದಲ್ಲಿ ಅರ್ಧಕ್ಕಿಂತ ಹೆಚ್ಚು ತಳವನ್ನು ಮುಚ್ಚಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇ 5ಕ್ಕೂ ಕೆಳಗಿಳಿಯಿತು. ಅಲ್ಲೆಲ್ಲ ಪಾಚಿ ನಿಂತಿತು. ನನ್ನ ತೊಟ್ಟಿಯ ಹನ್ನೊಂದು ಬಸವನಹುಳು ನೆನಪಾದಾಗಲೆಲ್ಲ ಇದೂ ನೆನಪಾಗುತ್ತದೆ.

ಈಗ ನನ್ನ ಪದ್ಧತಿ ಇಷ್ಟು. ಹೆಪ್ಪುಗಟ್ಟಿದ ಸೀಗಡಿಯನ್ನು ಕರಗಿಸಿ, ಆ ರಸ ಚೆಲ್ಲಿ, ಚಹಾ ಸೋಸುವ ಜಾಲರಿಯಲ್ಲಿ ತೊಳೆದು ಹಾಕುತ್ತೇನೆ. ಫಾಸ್ಫೇಟ್ ಆ ರಸದಲ್ಲೂ ಇರುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಹಚ್ಚಿ ನೀರನ್ನು 26 ಡಿಗ್ರಿಯ ಸುತ್ತ ಇಡುತ್ತೇನೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ದಿನವೂ ತುಂಬಿಸುವುದು ಸಿಹಿನೀರೇ. ತೊಟ್ಟಿಯ ಕೆಳಗೆ ನೀರು ಸೋಸಲು ಇಟ್ಟ ಸಂಪ್‌ನಲ್ಲಿ ಪಾತ್ರೆ ತಿಕ್ಕುವ ಸ್ಕ್ರಬ್ಬರ್‌ನಂಥ ಗೋಜಲು ಪಾಚಿ, ಕೀಟೋಮಾರ್ಫಾ, ಬೆಳೆಸಿದ್ದೇನೆ. ಮೇಲೆ ಬೆಳೆಯಬೇಕಿದ್ದ ಪಾಚಿಯ ಗೊಬ್ಬರವನ್ನು ಅದು ಕೆಳಗೇ ತಿಂದುಕೊಳ್ಳುತ್ತದೆ. ಅದರ ದೀಪ ಉರಿಯುವುದು ರಾತ್ರಿ. ಕತ್ತಲಲ್ಲಿ ಮೇಲಿನ ಜೀವಗಳೆಲ್ಲ ಬಿಡುವ ಇಂಗಾಲದ ಡೈಆಕ್ಸೈಡನ್ನು ಅದು ಹೀರಿ, ನೀರು ಆಮ್ಲದತ್ತ ವಾಲದಂತೆ ತಡೆಯುತ್ತದೆ. ತಿಂಗಳಿಗೆರಡು ಬಾರಿ ಒಂದು ಮುಷ್ಟಿ ಕಿತ್ತು ತಾರಸಿಯಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕುತ್ತೇನೆ. ಚರಂಡಿಗೆ, ಕೆರೆಗೆ, ಊರಿಗೆ ಹೋದಾಗ ಕಡಲಿಗೆ ಎಂದೂ ಇಲ್ಲ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗೆ ಸುಮಾರು ಒಂದು ಚದರ ಮೀಟರ್ ಜಾಗದಲ್ಲಿ ಕಂಡ ಕಾಲರ್ಪಾ ಎಂಬ ಅಕ್ವೇರಿಯಂ ಪಾಚಿ ಮುಂದೆ ಮೆಡಿಟರೇನಿಯನ್‌ನ ಸಾವಿರಾರು ಹೆಕ್ಟೇರ್ ತಳವನ್ನು ಮುಚ್ಚಿತು.

ನನ್ನ ತೊಟ್ಟಿಯ ಬಂಡೆಗಳು ಸೆರಾಮಿಕ್‌ನವು, ಕಡಲಿನಿಂದ ಕಿತ್ತವಲ್ಲ. ನಮ್ಮ ಕಡಲಿನ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ, ಹುಲಿಯ ಸಾಲಿನಲ್ಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯ ತಳದಲ್ಲಿ ಅವನ್ನು ನೋಡಿದ್ದೇನೆ. ಅಲ್ಲಿಂದ ಒಂದು ಚೂರು ಕಲ್ಲನ್ನೂ ಯಾರೂ ಮನೆಗೆ ತರಬಾರದು. ಕಾನೂನು ಇಲ್ಲದಿದ್ದರೂ ತರಬಾರದು.

ಕಳೆದ ದೀಪಾವಳಿಗೆ ಅಮ್ಮ ಬಂದಾಗ ಬಂಡೆಯ ಮೇಲೆ ಗುಲಾಬಿ ಬಣ್ಣದ ಹುಂಡುಗಳು ಎದ್ದಿದ್ದವು. ರಂಗೋಲಿ ಪುಡಿ ಬಿದ್ದಿದೆ ಎಂದುಕೊಂಡಳು. ಅದೂ ಪಾಚಿಯೇ ಎಂದೆ. ಸುಣ್ಣದ ಹೊದಿಕೆ ಕಟ್ಟಿಕೊಂಡು ಕಲ್ಲಿಗೆ ಕಚ್ಚುವ ಜಾತಿ. ಕಡಲಲ್ಲಿ ಎಷ್ಟೋ ಹವಳದ ಮರಿಗಳು ನೆಲೆಗಾಗಿ ತೇಲುತ್ತ ಬಂದಾಗ ಹುಡುಕುವುದು ಈ ಗುಲಾಬಿ ನೆಲವನ್ನೇ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಮರುದಿನ ಬೆಳಿಗ್ಗೆ ನಾನು ಗಾಜು ಒರೆಸಲು ಸ್ಕ್ರೇಪರ್ ಎತ್ತಿಕೊಂಡರೆ, ಮುಂದಿನ ಗಾಜು ಮಾತ್ರ ಒರೆಸು, ಹಿಂದಿನದು ಹುಳುಗಳಿಗಿರಲಿ ಎಂದಳು.