ವೃಂದನಾಯಕನೂ ಆತನ ಬೇಸಗೆಯ ದುಡಿಮೆಯೂ

ಪಾಶ್ಚಾತ್ಯರ ವಾದ್ಯವೃಂದವನ್ನು ಚಿತ್ರದಲ್ಲಿಯಾದರೂ ಕಂಡವರು ಒಂದು ಪ್ರಶ್ನೆಯನ್ನು ಕೇಳದೆ ಇರಲಾರರು. ಎಂಬತ್ತು ತೊಂಬತ್ತು ಮಂದಿ ವಾದ್ಯಗಳನ್ನು ನುಡಿಸುತ್ತಿರುವಾಗ, ಅವರೆದುರಿಗೆ ಎತ್ತರದ ಪೀಠದ ಮೇಲೆ ನಿಂತು, ಸಭಿಕರಿಗೆ ಬೆನ್ನು ಮಾಡಿ, ಬಿಳಿಯ ಕೋಲೊಂದನ್ನು ಆಡಿಸುವ ಆ ಒಬ್ಬ ಮನುಷ್ಯನು ಮಾಡುವ ಕೆಲಸವಾದರೂ ಏನು? ಆತನು ವಾದ್ಯವನ್ನು ನುಡಿಸನು, ಹಾಡಲೂ ಹಾಡನು. ಆದರೂ ಚಪ್ಪಾಳೆಯ ಮೊದಲ ಪಾಲು ಆತನಿಗೇ ಸಲ್ಲುವುದು. ಆತನಿಗೆ ಇಂಗ್ಲಿಷಿನಲ್ಲಿ ಕಂಡಕ್ಟರ್ ಎಂದು ಹೆಸರು. ಆ ಶಬ್ದವನ್ನು ಕೇಳಿದೊಡನೆ ನಮ್ಮ ಬಾಲಕಿಯರಿಗೆ ಬಸ್ಸಿನಲ್ಲಿ ಟಿಕೇಟು ಕೊಡುವವರ ನೆನಪಾಗಿ ನಗೆ ಬರುವುದುಂಟು. ಆದುದರಿಂದ ನಾವು ಇಲ್ಲಿ ಆತನನ್ನು ವೃಂದನಾಯಕನೆಂದು ಕರೆಯುವೆವು. ಆತನ ಕೆಲಸವೆಂತಹುದೆಂಬುದನ್ನು ಲಂಡನ್ ಪಟ್ಟಣದ ಸರ್ ಹೆನ್ರಿ ವುಡ್ಡರವರ ಬೇಸಗೆಯ ಕಚೇರಿಗಳ ವೃತ್ತಾಂತದಿಂದ ವಿಶದಪಡಿಸಲು ಯತ್ನಿಸುವೆವು.

ನಮ್ಮ ಕರ್ಣಾಟಕ ಸಂಗೀತದ ಕಚೇರಿಯಲ್ಲಿ ನಾಲ್ಕೈದು ಮಂದಿ ಒಂದೇ ಜಮಖಾನದ ಮೇಲೆ ಕುಳಿತಿರುವರು. ಹಾಡುವವರು ತೊಡೆಯ ಮೇಲೆ ತಾಳ ಹಾಕುವರು. ಪಿಟೀಲಿನವರೂ ಮೃದಂಗದವರೂ ಅವರ ಮುಖಭಾವವನ್ನು ಅರಿತು ಅನುಸರಿಸುವರು. ತಂಬೂರಿಯ ಶ್ರುತಿಯೇ ಎಲ್ಲರಿಗೂ ಆಧಾರ. ಅಲ್ಲಿ ಬೇರೊಬ್ಬ ನಾಯಕನ ಅವಶ್ಯಕತೆಯಿಲ್ಲ. ವಾದ್ಯವೃಂದದಲ್ಲಾದರೋ ಪ್ರತಿಯೊಬ್ಬರ ಮುಂದೆಯೂ ಸ್ವರಲಿಪಿಯ ಹಾಳೆಯಿರುವುದು; ಅದರಲ್ಲಿ ಅವರವರ ಪಾಲು ಮಾತ್ರ ಬರೆದಿರುವುದು. ಎಲ್ಲರ ಪಾಲೂ ಒಟ್ಟಿಗೆ ಕಾಣುವುದು ನಾಯಕನ ದೊಡ್ಡ ಪುಸ್ತಕದಲ್ಲಿ. ಆತನು ಬಲಗೈಯಿಂದ ಕಾಲವನ್ನು ತೋರಿಸುವನು. ಎಡಗೈಯಿಂದ ಒಬ್ಬರನ್ನು ತಗ್ಗಿಸಿ ಮತ್ತೊಬ್ಬರನ್ನು ಎತ್ತುವನು. ಬಹಳ ಹೊತ್ತು ಸುಮ್ಮನಿದ್ದ ತುತ್ತೂರಿಯವರಿಗೆ ಅವರ ಸಮಯ ಬಂದಿತೆಂದು ಕಣ್ಣಿನಿಂದಲೇ ಸೂಚಿಸುವನು. ಆದರೆ ಇದು ನಮ್ಮ ಕಣ್ಣಿಗೆ ಬೀಳುವ ಅಲ್ಪಭಾಗವು ಮಾತ್ರ. ಉಳಿದುದೆಲ್ಲವೂ ಸಭಿಕರು ಬರುವುದಕ್ಕೆ ಮುಂಚೆಯೇ ಮುಗಿದಿರತಕ್ಕದ್ದು.

ಹೆನ್ರಿ ವುಡ್ಡರು 1869ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಅವರ ತಂದೆಯು ಆಕ್ಸ್‌ಫರ್ಡ್ ಬೀದಿಯಲ್ಲಿ ಅಂಗಡಿಯನ್ನಿಟ್ಟಿದ್ದ ಸಂಗೀತಪ್ರಿಯರು. ಮಗನು ರಾಯಲ್ ಅಕಾಡೆಮಿಯಲ್ಲಿ ಸಂಗೀತವನ್ನು ವ್ಯಾಸಂಗಮಾಡಿದನು. 1895ರಲ್ಲಿ ಕ್ವೀನ್ಸ್ ಹಾಲ್ ಎಂಬ ಹೊಸ ಸಭಾಮಂದಿರದ ವ್ಯವಸ್ಥಾಪಕರಾದ ರಾಬರ್ಟ್ ನ್ಯೂಮನ್ನರು ಒಂದು ನೂತನ ಯೋಜನೆಯನ್ನು ಹೂಡಿದರು. ಇಂಗ್ಲೆಂಡಿನಲ್ಲಿ ಆಗಸ್ಟ್ ತಿಂಗಳು ಬೇಸಗೆ. ಆಗ ಧನವಂತರು ಪಟ್ಟಣವನ್ನು ಬಿಟ್ಟು ಹೋಗುವುದರಿಂದ ಸಭಾಮಂದಿರಗಳು ಬರಿದಾಗುತ್ತಿದ್ದುವು. ಊರಿನಲ್ಲಿಯೇ ಉಳಿಯುವ ಸಾಮಾನ್ಯ ಜನರಿಗಾಗಿ ದಿನದಿನವೂ ಸಂಜೆ ಉತ್ತಮ ಸಂಗೀತವನ್ನು ಏಕೆ ಒದಗಿಸಬಾರದು? ನಡುಮನೆಯ ಕುರ್ಚಿಗಳನ್ನು ತೆಗೆಸಿ, ಜನರು ನಿಂತುಕೊಂಡೋ ಅಡ್ಡಾಡುತ್ತಲೋ ಕೇಳುವಂತೆ ಏರ್ಪಡಿಸಿದರು. ಅಡ್ಡಾಟಕ್ಕೆ ಇಂಗ್ಲಿಷಿನಲ್ಲಿ ಪ್ರಾಮೆನೇಡ್ ಎಂಬ ಶಬ್ದವಿರುವುದರಿಂದ ಇವುಗಳಿಗೆ ಪ್ರಾಮೆನೇಡ್ ಕಚೇರಿಗಳೆಂದು ಹೆಸರಾಯಿತು. ಜನರು ಪ್ರೀತಿಯಿಂದ ‘ಪ್ರಾಮ್ಸ್’ ಎಂದರು. ಪ್ರವೇಶಕ್ಕೆ ಒಂದು ಷಿಲ್ಲಿಂಗ್. ಋತುವಿಡೀ ಬರುವ ಟಿಕೇಟಿಗೆ ಒಂದು ಗಿನಿ, ಎಂದರೆ ಇಪ್ಪತ್ತೊಂದು ಷಿಲ್ಲಿಂಗ್. ಆ ವರ್ಷ ಆಗಸ್ಟ್ 10ರಿಂದ ಎಂಟು ವಾರಗಳಲ್ಲಿ 49 ಕಚೇರಿಗಳಾದುವು. ಲೆಕ್ಕಹಾಕಿದರೆ ಒಂದೊಂದಕ್ಕೆ ಐದು ಪೆನ್ನಿಗಳ ಮೇಲೆ ಸ್ವಲ್ಪ. ಷಿಲ್ಲಿಂಗಿಗೆ ಹನ್ನೆರಡು ಪೆನ್ನಿಗಳೆಂಬುದನ್ನು ಹಿರಿಯರು ಬಲ್ಲರು. ಈ ಕಚೇರಿಗಳ ನಾಯಕತ್ವವನ್ನು ವಹಿಸಿದ ವುಡ್ಡರಿಗೆ ಆಗ ಇಪ್ಪತ್ತಾರು ವಯಸ್ಸು.

ಈ ಸಾಹಸಕ್ಕೆ ಹಣವನ್ನು ಕೊಟ್ಟವರು ಜಾರ್ಜ್ ಕ್ಯಾಥ್‌ಕಾರ್ಟ್ ಎಂಬ ಗಂಟಲಿನ ವೈದ್ಯರು. ಅವರು ಎರಡು ಷರತ್ತುಗಳನ್ನು ವಿಧಿಸಿದರು: ಎಲ್ಲಾ ಕಚೇರಿಗಳನ್ನೂ ವುಡ್ಡರೇ ನಡೆಸಬೇಕು; ಶ್ರುತಿಯನ್ನು ಇಳಿಸಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ವಾದ್ಯಗಳ ಶ್ರುತಿಯು ಯೂರೋಪಿನ ಇತರ ದೇಶಗಳಿಗಿಂತ ಸುಮಾರು ಅರ್ಧಸ್ವರದಷ್ಟು ಏರಿದ್ದಿತು. ಹಾಡುವವರ ಕಂಠಕ್ಕೆ ಇದರಿಂದ ಹಾನಿಯೆಂಬುದು ವೈದ್ಯರ ಅಭಿಪ್ರಾಯ. ಪಿಟೀಲಿನ ತಂತಿಯನ್ನು ಸಡಿಲಿಸುವುದು ಸುಲಭ. ಊದುವ ವಾದ್ಯಗಳಿಗೆ ಬೇರೆಯ ಕೊಳವೆಗಳೇ ಬೇಕು. ವಾದ್ಯಗಾರರು ಹೊಸ ವಾದ್ಯಗಳನ್ನು ಕೊಳ್ಳಲೊಪ್ಪಲಿಲ್ಲ. ಆಗ ಕ್ಯಾಥ್‌ಕಾರ್ಟರು ಬೆಲ್ಜಿಯಂ ದೇಶದಿಂದ ವಾದ್ಯಗಳನ್ನು ತರಿಸಿ ಅವರಿಗೆ ಎರವಲು ಕೊಟ್ಟರು. ಒಂದು ಋತುವು ಕಳೆಯುವಷ್ಟರಲ್ಲಿ ಅವರೇ ಅವನ್ನು ಕ್ರಯಕ್ಕೆ ಕೊಂಡುಕೊಂಡರು. ಶ್ರುತಿಯ ವಿಷಯದಲ್ಲಿ ವುಡ್ಡರ ಎಚ್ಚರವು ಜೀವಮಾನವಿಡೀ ಹಾಗೆಯೇ ಉಳಿಯಿತು. ವಾದ್ಯಗಾರರು ತಮ್ಮ ತಮ್ಮ ಶ್ರುತಿಯನ್ನು ಪರೀಕ್ಷೆಗೆ ಒಪ್ಪಿಸಿಯೇ ವೇದಿಕೆಯನ್ನು ಹತ್ತಬೇಕಾಗಿದ್ದಿತು.

ಇನ್ನು ವಾರದ ಕೆಲಸವನ್ನು ನೋಡೋಣ. ಭಾನುವಾರದ ಹೊರತು ಆರು ಸಂಜೆಯೂ ಕಚೇರಿ. ಆರಕ್ಕೂ ಸೇರಿ ತಾಲೀಮು ಮೂರೇ ದಿನ. ಹೊಸ ಹೊಸ ಕೃತಿಗಳನ್ನು ಇಷ್ಟು ಅಲ್ಪಕಾಲದಲ್ಲಿ ಸಿದ್ಧಪಡಿಸುವುದಾದರೂ ಹೇಗೆ? ವುಡ್ಡರ ಉಪಾಯವು ಬಹು ಸರಳವಾದುದು: ತಾಲೀಮಿನಲ್ಲಿ ಬಾಯಿಂದ ಹೇಳಬೇಕಾದುದನ್ನು ಮೊದಲೇ ಬರೆದಿಡುವುದು. ಅವರು ತಮ್ಮ ಪುಸ್ತಕದಲ್ಲಿಯೂ ವಾದ್ಯಗಾರರ ಹಾಳೆಗಳಲ್ಲಿಯೂ ನೀಲಿಯ ಪೆನ್ಸಿಲಿನಿಂದ ಗುರುತುಗಳನ್ನು ಹಾಕುತ್ತಿದ್ದರು. ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ, ಪಿಟೀಲಿನ ಕಮಾನು ಎಲ್ಲಿ ಮೇಲಕ್ಕೆ, ಎಲ್ಲಿ ಕೆಳಕ್ಕೆ ಎಂಬುದೆಲ್ಲವೂ ಅಲ್ಲಿ ಕಾಣುತ್ತಿದ್ದಿತು. ಗಡಿಯಾರವನ್ನು ಮುಂದಿಟ್ಟುಕೊಂಡು ತಾಲೀಮು ನಡೆಸುವರು. ಒಂದು ನಿಮಿಷವನ್ನೂ ವ್ಯರ್ಥಗೊಳಿಸರು. ಹೀಗೆ ಗುರುತುಮಾಡಿದ ಅವರ ಪುಸ್ತಕಗಳು ಮುಂದೆ ರಾಯಲ್ ಅಕಾಡೆಮಿಯ ವಿದ್ಯಾರ್ಥಿಗಳ ಪಾಲಿಗೆ ಬಂದುವು.

ಶಿಸ್ತಿಗೆ ಬೆಲೆಯನ್ನೂ ತೆರಬೇಕಾಯಿತು. ಆಗಿನ ಲಂಡನ್ನಿನಲ್ಲಿ ವಾದ್ಯಗಾರನು ತಾಲೀಮಿಗೆ ತಾನು ಬಂದು, ಬೇರೆಡೆ ಹೆಚ್ಚು ಹಣ ದೊರೆತರೆ ಕಚೇರಿಗೆ ಬದಲಿಯಾಳನ್ನು ಕಳುಹಿಸುವ ಪದ್ಧತಿಯಿದ್ದಿತು. 1904ರಲ್ಲಿ ಇದನ್ನು ನಿಲ್ಲಿಸಿದಾಗ ಸುಮಾರು ನಲವತ್ತು ಮಂದಿ ಬಿಟ್ಟುಹೋಗಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾ ಎಂಬ ಪ್ರಸಿದ್ಧ ವೃಂದವನ್ನು ತಾವೇ ಸ್ಥಾಪಿಸಿಕೊಂಡರು. ವುಡ್ಡರು ದ್ವೇಷ ಸಾಧಿಸಲಿಲ್ಲ; ಅವರ ಮೊದಲನೆಯ ಕಚೇರಿಗೆ ಹೋಗಿ ಕುಳಿತು ಕೇಳಿದರು.

ಶ್ರೋತೃಗಳ ಶಿಕ್ಷಣವೂ ನಾಯಕನ ಕಾರ್ಯವೇ ಆಗಿದ್ದಿತು. ಮೊದಲ ವರ್ಷಗಳಲ್ಲಿ ಲಘುವಾದ ಹಾಡುಗಳು ಹೆಚ್ಚು. ಕ್ರಮಕ್ರಮವಾಗಿ ಸೋಮವಾರ ವಾಗ್ನರರ ಕೃತಿಗಳು, ಶುಕ್ರವಾರ ಬೇಥೋವನರ ಕೃತಿಗಳು ಎಂಬ ನಿಯಮ ನೆಲೆಗೊಂಡಿತು. ಮಗುವಿಗೆ ಅಕ್ಷರಮಾಲೆಯಿಂದ ಕಾವ್ಯದವರೆಗೆ ಕಲಿಸುವ ಉಪಾಧ್ಯಾಯಿನಿಯರಿಗೆ ಈ ಮಾರ್ಗವು ಪರಿಚಿತವಾದುದೇ. ಆದರೆ ಜನರು ಮೆಚ್ಚಿದುದನ್ನು ಮಾತ್ರ ಕೊಟ್ಟುಕೊಂಡು ಹೋಗುವವರು ಅವರಲ್ಲ. 1912ರಲ್ಲಿ ಷೋನ್‌ಬರ್ಗರ ನೂತನ ಕೃತಿಯನ್ನು ನುಡಿಸಿದಾಗ ಸಭಿಕರಲ್ಲಿ ಹಲವರು ಅಪಹಾಸ್ಯಮಾಡಿದರು. ವುಡ್ಡರು ಎದೆಗುಂದಲಿಲ್ಲ. ತಮ್ಮ ಆಯುಷ್ಯದಲ್ಲಿ ಏಳುನೂರಕ್ಕೂ ಹೆಚ್ಚು ಹೊಸ ಕೃತಿಗಳನ್ನು ಆ ಜನರಿಗೆ ಕೇಳಿಸಿದರು.

ನಮ್ಮ ವಾಚಕಿಯರ ಮನಸ್ಸಿಗೆ ಹೆಚ್ಚು ಹತ್ತಿರವಾದ ಸಂಗತಿಯೊಂದುಂಟು. ಅಂದಿನ ಯೂರೋಪಿನಲ್ಲಿ ಹುಡುಗಿಯರು ಪಿಟೀಲನ್ನು ಕಲಿಯುವುದಕ್ಕೆ ಅಡ್ಡಿಯಿರಲಿಲ್ಲ. ಕಲಿತು ಸಂಪಾದಿಸುವುದಕ್ಕೆ ಮಾತ್ರ ಬಾಗಿಲು ಮುಚ್ಚಿದ್ದಿತು. ದೊಡ್ಡ ವೃಂದಗಳಲ್ಲಿ ಅವರಿಗೆ ಸ್ಥಾನವಿರಲಿಲ್ಲ. 1913ರಲ್ಲಿ ವುಡ್ಡರು ತಮ್ಮ ಕ್ವೀನ್ಸ್ ಹಾಲ್ ವೃಂದಕ್ಕೆ ಆರು ಮಂದಿ ಸ್ತ್ರೀಯರನ್ನು ಸೇರಿಸಿಕೊಂಡರು: ಪಿಟೀಲಿಗೆ ನಾಲ್ವರು, ಅದಕ್ಕಿಂತ ಕೊಂಚ ದೊಡ್ಡದಾದ ವಯೋಲಕ್ಕೆ ಇಬ್ಬರು. ರೆಬೆಕ್ಕಾ ಕ್ಲಾರ್ಕ್ ಎಂಬಾಕೆ ಅವರಲ್ಲೊಬ್ಬರು. ಮುಂದೆ ಆಕೆ ಕೃತಿಕರ್ತೆಯೆಂದು ಖ್ಯಾತಿಗೊಂಡರು. 1918ರ ವೇಳೆಗೆ ಆ ಸಂಖ್ಯೆ ಹದಿನಾಲ್ಕಕ್ಕೇರಿತು. ಇದು ಎಷ್ಟು ದೊಡ್ಡ ಹೆಜ್ಜೆಯೆಂಬುದನ್ನು ತಿಳಿಯಬೇಕಾದರೆ ಒಂದು ಮಾತು ಸಾಕು: ಜಗತ್ಪ್ರಸಿದ್ಧವಾದ ವಿಯೆನ್ನಾ ಫಿಲ್‌ಹಾರ್ಮೋನಿಕ್ ವೃಂದವು ಸ್ತ್ರೀಯರನ್ನು ಪೂರ್ಣಸದಸ್ಯರನ್ನಾಗಿ ಅಂಗೀಕರಿಸಿದುದು 1997ರಲ್ಲಿ.

ಕಷ್ಟಗಳಿಗೂ ಕೊರತೆಯಿರಲಿಲ್ಲ. 1926ರಲ್ಲಿ ನ್ಯೂಮನ್ನರು ತೀರಿಕೊಂಡರು. ಮರುವರ್ಷ ಹಣದ ಆಧಾರವು ತಪ್ಪಿದಾಗ ಬಿ.ಬಿ.ಸಿ.ಯು ಕಚೇರಿಗಳನ್ನು ವಹಿಸಿಕೊಂಡು, ರೇಡಿಯೋ ಮೂಲಕ ಅವನ್ನು ಮನೆಮನೆಗೂ ಮುಟ್ಟಿಸಿತು. 1941ರ ಮೇ 10ರ ರಾತ್ರಿ ಬಿದ್ದ ಬೆಂಕಿಯ ಬಾಂಬುಗಳಿಂದ ಕ್ವೀನ್ಸ್ ಹಾಲ್ ಸುಟ್ಟು ಬೂದಿಯಾಯಿತು. ಎಪ್ಪತ್ತೆರಡರ ವೃದ್ಧರು ಅದೇ ಬೇಸಗೆಯಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಚೇರಿಗಳನ್ನು ಮುಂದುವರಿಸಿದರು. 1944ರದು ಐವತ್ತನೆಯ ಋತು. ಹಾರುವ ಬಾಂಬುಗಳ ಹಾವಳಿಯಿಂದ ವೃಂದವು ಬೆಡ್‌ಫರ್ಡ್ ಎಂಬ ಊರಿಗೆ ಹೋಗಬೇಕಾಯಿತು. ಅಲ್ಲಿ ಜುಲೈ 28ರಂದು ವುಡ್ಡರು ಬೇಥೋವನರ ಏಳನೆಯ ಸಿಂಫನಿಯನ್ನು ನಡೆಸಿದುದೇ ಕಡೆಯದು. ಆಗಸ್ಟ್ 10ರ ಸುವರ್ಣೋತ್ಸವದ ದಿನ ಅವರು ಹಾಸಿಗೆಯನ್ನು ಬಿಟ್ಟು ಏಳಲಾರದಾಗಿದ್ದರು, 19ರಂದು ದೈವಾಧೀನರಾದರು.

ಆ ಕಚೇರಿಗಳು ನಿಂತುಹೋಗಲಿಲ್ಲ. ಇಂದಿಗೂ ಪ್ರತಿ ಬೇಸಗೆಯಲ್ಲಿ ಎಂಟು ವಾರಗಳ ಕಾಲ ನಡೆಯುತ್ತಿವೆ. ಆದರೆ ಒಬ್ಬರು ಹೊತ್ತ ಭಾರವನ್ನು ಈಗ ಅನೇಕ ನಾಯಕರು ಹಂಚಿಕೊಳ್ಳುವರು. ಋತುವು ನಡೆಯುವಷ್ಟು ದಿನವೂ ವುಡ್ಡರ ಕಂಚಿನ ಮುಖಬಿಂಬವು, ಕ್ವೀನ್ಸ್ ಹಾಲಿನ ಬೂದಿಯಿಂದ ಉಳಿದು ಬಂದುದು, ವೇದಿಕೆಯ ಹಿಂದೆ ನಿಂತಿರುವುದು. 2013ರಲ್ಲಿ ಆ ಬಿಂಬದೆದುರು ಕೊನೆಯ ರಾತ್ರಿಯ ಕಚೇರಿಯನ್ನು ಮೊತ್ತಮೊದಲಾಗಿ ಒಬ್ಬ ಮಹಿಳೆ, ಅಮೆರಿಕದ ಮೇರಿನ್ ಆಲ್ಸಪ್ ಎಂಬವರು, ನಡೆಸಿದರು. ಆರು ಮಂದಿಗೆ ಬಾಗಿಲು ತೆರೆದ ವರ್ಷದಿಂದ ಎಣಿಸಿದರೆ ಸರಿಯಾಗಿ ನೂರು ವರ್ಷ.

ಮಗಳ ಸಂಗೀತಪಾಠದಿಂದ ಪ್ರಯೋಜನವೇನೆಂದು ಕೇಳುವ ತಾಯಿತಂದೆಗಳು ಇಂದಿಗೂ ಉಂಟು. ಮನೆಗೆ ಬಂದ ನೆಂಟರ ಮುಂದೆ ಎರಡು ಹಾಡು ಹಾಡಿಸುವುದಕ್ಕೆ ಮಾತ್ರ ಆ ಪಾಠವಾದರೆ ಅವರ ಸಂದೇಹವು ನ್ಯಾಯವೇ. ಆದರೆ ತನ್ನ ಪಾಲನ್ನು ಮೊದಲೇ ಸಿದ್ಧಪಡಿಸಿಕೊಂಡು ಬರುವುದು, ಹತ್ತು ಮಂದಿಯ ಶ್ರುತಿಗೆ ತನ್ನ ಶ್ರುತಿಯನ್ನು ಸೇರಿಸುವುದು, ತನ್ನ ಸರದಿ ಬರುವ ತನಕ ಎಣಿಸುತ್ತ ಕಾದಿರುವುದು, ಇವು ಅಡಿಗೆಮನೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಪಾಠಶಾಲೆಯಲ್ಲಿಯೂ ಬೇಕಾದ ಗುಣಗಳು. ಹುಡುಗಿಯರು ಕಲಿತರೆ ಸಾಲದು. ಕಲಿತವರಿಗೆ ಕುಳಿತುಕೊಳ್ಳಲು ಕುರ್ಚಿಯೂ ಇರಬೇಕು. ಕಲಿಸುವುದು ನಮ್ಮ ಪಾಲಿನ ಕೆಲಸ. ಕುರ್ಚಿಯನ್ನು ಹಾಕಿಸುವುದು ತಾಯಿತಂದೆಗಳಾದ ನಿಮ್ಮದೂ, ಈ ಶಾಲೆಯಿಂದ ಹೊರಟು ನಾನಾ ಸ್ಥಾನಗಳಲ್ಲಿರುವ ಹಳೆಯ ವಿದ್ಯಾರ್ಥಿನಿಯರಾದ ನಿಮ್ಮದೂ ಆಗಿದೆ.