ಹೀರುಕಾಗದ: ಅದರ ನಿತ್ಯೋಪಯೋಗಗಳೂ ಒಂದು ವಿಪರೀತ ಉಪಯೋಗವೂ

ಹಳೆಯ ದಾಖಲೆಗಳನ್ನು ಶೋಧಿಸುವಾಗ ನಾವು ಶಾಯಿಯನ್ನು ಪರೀಕ್ಷಿಸುತ್ತೇವೆ, ಅಕ್ಷರದ ಮೋಡಿಯನ್ನು ಗಮನಿಸುತ್ತೇವೆ, ಕಾಗದದ ನೀರುಗುರುತನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಆ ಬರಹದ ಹಸಿಯನ್ನು ಹೀರಿಕೊಂಡ ಇನ್ನೊಂದು ಕಾಗದದ ವಿಷಯದಲ್ಲಿ ಮಾತ್ರ ನಮ್ಮ ಲಕ್ಷ್ಯ ಹರಿದಿಲ್ಲ. ಜನರು ಬ್ಲಾಟಿಂಗ್ ಪೇಪರು ಎಂದೇ ಕರೆಯುತ್ತಿದ್ದ ಈ ವಸ್ತುವನ್ನು ಕುರಿತು ಪ್ರಕೃತ ಲೇಖನದಲ್ಲಿ ಕೆಲವು ಸಂಗತಿಗಳನ್ನು ನಿರೂಪಿಸಲು ಉದ್ದೇಶಿಸಿದ್ದೇವೆ.

ನಮ್ಮ ನಾಡಿನ ಲೆಕ್ಕಪತ್ರಗಳಿಗೆ ಮೊದಲು ಇದರ ಅಗತ್ಯವೇ ಇರಲಿಲ್ಲ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಸುಪರಿಚಿತವಾಗಿವೆ. ಬಳಪದ ಬರಹದಲ್ಲಿ ಒಣಗಬೇಕಾದುದು ಏನೂ ಇಲ್ಲ. ತಾಲೆಯೋಲೆಯ ಮೇಲೆ ಕಂಠದಿಂದ ಕೊರೆದ ಅಕ್ಷರಕ್ಕೆ ಮಸಿ ತೊಡೆದರೂ ಮಿಕ್ಕುದನ್ನು ಬಟ್ಟೆಯಿಂದ ಒರಸಿದರೆ ತೀರಿತು. ಕಾಗದ, ಲೋಹದ ನಿಬ್ಬು, ತೆಳುವಾದ ಶಾಯಿ ಇವು ಮೂರೂ ಕಚೇರಿಯಲ್ಲಿ ಒಂದುಗೂಡಿದ ಮೇಲೆಯೇ ಹೀರುವ ಹಾಳೆ ಬೇಕಾಯಿತು.

ಬರೆಯುವ ಕಾಗದಕ್ಕೆ ಶಾಯಿ ಹರಡದಂತೆ ಸರಿಯನ್ನೋ ರಾಳ ಮತ್ತು ಪಟಿಕಗಳನ್ನೋ ಕೊಡುತ್ತಾರೆ. ಅದನ್ನು ಕೊಡದೆ, ನಾರುಗಳನ್ನು ಸಡಿಲವಾಗಿ ಬಿಟ್ಟು ತಯಾರಿಸಿದುದೇ ಹೀರುಕಾಗದ. ನಾರುಗಳ ನಡುವಣ ಸೂಕ್ಷ್ಮವಾದ ಎಡೆಗಳು ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ದ್ರವವನ್ನು ಎಳೆಯುತ್ತವೆ. ಇಂಗ್ಲೆಂಡಿನಲ್ಲಿ ಇದರ ಉಲ್ಲೇಖ 1519ರಷ್ಟು ಹಿಂದೆಯೇ ದೊರೆಯುತ್ತದೆ. ಆದರೂ ಅಲ್ಲಿ ಹಸಿ ಬರಹದ ಮೇಲೆ ಮರಳನ್ನು ಉದುರಿಸುವ ಪದ್ಧತಿ ಬಹುಕಾಲ ಉಳಿದಿತ್ತು. ಗಿರಣಿಯ ಕೆಲಸಗಾರನೊಬ್ಬನು ಸರಿ ಬೆರಸಲು ಮರೆತುದರಿಂದ ಈ ಕಾಗದ ಹುಟ್ಟಿತೆಂಬ ಕಥೆಯನ್ನು ಕಥೆಯೆಂದೇ ತಿಳಿಯಬೇಕು.

ಒತ್ತಿದ ಹಾಳೆಯಲ್ಲಿ ಅಕ್ಷರಗಳು ತಿರುಗುಮುರುಗಾಗಿ ಮೂಡುತ್ತವೆ. ಕನ್ನಡಿಗೆ ಹಿಡಿದರೆ ಓದಬಹುದು. ಗೋಪ್ಯ ಪತ್ರಗಳನ್ನು ಬರೆಯುವವರು ಬರೆದ ಹಾಳೆಯಷ್ಟೇ ಎಚ್ಚರಿಕೆಯಿಂದ ಒತ್ತಿದ ಹಾಳೆಯನ್ನೂ ಕಾಯಬೇಕಾಗಿತ್ತು. ಇನ್ನು ಶಾಲೆಯ ಹುಡುಗರ ವಿಷಯ. ಬೂಟಿನೊಳಗೆ ಈ ಕಾಗದವನ್ನಿಟ್ಟುಕೊಂಡರೆ ಜ್ವರವೋ ಮೂರ್ಛೆಯೋ ಬರುವುದೆಂದೂ ಪಾಠ ತಪ್ಪುವುದೆಂದೂ ಅವರಲ್ಲಿ ಒಂದು ನಂಬಿಕೆ ಹಬ್ಬಿತ್ತು. ಇದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಆದರೂ ಅಧಿಕಾರದ ಕೈಗೆ ಸಿಕ್ಕಿದ ಸಾಧನವನ್ನು ಅಧಿಕಾರದ ವಿರುದ್ಧವೇ ತಿರುಗಿಸುವ ಮೊದಲ ಪ್ರಯತ್ನವೆಂದು ಇದನ್ನು ಗಣಿಸಬಹುದೇನೋ!

ಬಾಲ್‌ಪೆನ್ನು ಬಂದ ಮೇಲೆ ಮೇಜಿನಿಂದ ಮರೆಯಾದ ಈ ಕಾಗದ ಪ್ರಯೋಗಶಾಲೆಯಲ್ಲಿ ಉಳಿದುಕೊಂಡಿತು. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಮೊದಲಾದ ಗ್ರಾಮಗಳ ಸೀಮೆ ಮಳೆ ಕಡಮೆಯಾದದ್ದು. ಕಡಲೆಕಾಯಿಯೇ ಇಲ್ಲಿಯ ಮುಖ್ಯವಾದ ಖುಷ್ಕಿ ಬೆಳೆ. ಒಂದೇ ಹದಮಳೆಯನ್ನು ನಂಬಿ ಬಿತ್ತುವ ರೈತನಿಗೆ ಬೀಜ ಮೊಳೆಯದೆ ಹೋದರೆ ಆ ವರ್ಷವೇ ಹೋದಂತೆ. ಒದ್ದೆ ಕಾಗದಗಳ ನಡುವೆ ಬೀಜಗಳನ್ನಿಟ್ಟು ಹತ್ತನೆಯ ದಿನ ಮೊಳಕೆಗಳನ್ನು ಎಣಿಸುವುದು ಅಂಗೀಕೃತ ಪರೀಕ್ಷಾವಿಧಾನಗಳಲ್ಲೊಂದು. ಪ್ರಮಾಣಿತ ಕಡಲೆಕಾಯಿ ಬೀಜದಲ್ಲಿ ನೂರಕ್ಕೆ 70ಕ್ಕೆ ಕಡಮೆಯಿಲ್ಲದೆ ಮೊಳೆಯಬೇಕೆಂದು ನಿಯಮ. ಗಾಜಿನ ತಟ್ಟೆಯಲ್ಲಿ ಮೂರು ಪದರ ಒದ್ದೆ ಹೀರುಕಾಗದದ ಮೇಲೆ ಏಳು ದಿನ ಬೀಜಗಳನ್ನಿಟ್ಟು ನೋಡಿದರೆ, ಬುಡಕೊಳೆ ರೋಗಕ್ಕೆ ಕಾರಣವಾದ ಕಪ್ಪು ಬೂಷ್ಟು ಅವುಗಳ ಮೇಲೆಯೇ ಬೆಳೆದು ತನ್ನನ್ನು ತೋರಿಸಿಕೊಳ್ಳುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ವಿ. ಗಿರಿಯವರು 1950ರ ದಶಕದ ಆರಂಭದಲ್ಲಿ, ಹೀರುಕಾಗದದ ದಾಯಾದಿಯೆನ್ನಬಹುದಾದ ಸೋಸುಕಾಗದದ ವೃತ್ತಾಕಾರದ ಹಾಳೆಯಲ್ಲಿ ಅಮೈನೋ ಆಮ್ಲಗಳನ್ನು ಉಂಗುರ ಉಂಗುರವಾಗಿ ಬೇರ್ಪಡಿಸುವ ಕ್ರಮವನ್ನು ಬೆಳೆಸಿದರು. 1980ರಲ್ಲಿ ಕರ್ನಾಟಕದಲ್ಲಿ ಆರಂಭವಾದ ನವಜಾತ ಶಿಶುಗಳ ತಪಾಸಣೆ ಭಾರತದಲ್ಲಿ ಆ ಬಗೆಯ ಮೊದಲ ಯೋಜನೆ. ಅದರಲ್ಲಿ 1,25,000 ಶಿಶುಗಳನ್ನು ಪರೀಕ್ಷಿಸಲಾಯಿತು. ಇಂಥ ತಪಾಸಣೆಗೆ ಹಿಮ್ಮಡಿಯ ರಕ್ತದ ಹನಿಯನ್ನು ಕಾಗದದಲ್ಲಿ ಹೀರಿಸಿ ಒಣಗಿಸುವ ಕ್ರಮವು 1960ರ ದಶಕದಿಂದ ರೂಢಿಗೆ ಬಂದುದು.

ಈಗ ವಿಪರೀತ ಉಪಯೋಗಕ್ಕೆ ಬರೋಣ. ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಬಾಸೆಲ್ ನಗರದಲ್ಲಿ ಎಲ್.ಎಸ್.ಡಿ. ಎಂಬ ದ್ರವ್ಯವನ್ನು ತಯಾರಿಸಿ, 1943ರಲ್ಲಿ ಅದು ಚಿತ್ತವನ್ನು ಕದಡುವುದನ್ನು ಕಂಡನು. ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲೇ ಪರಿಣಾಮಕ್ಕೆ ಸಾಕಾದುದರಿಂದ ಅದನ್ನು ಹೊರಲು ಒಂದು ವಾಹಕ ಬೇಕಾಯಿತು. ಮೊದಲು ಸಕ್ಕರೆಯ ಗಟ್ಟಿ, ಆಮೇಲೆ ಹೀರುಕಾಗದ. ಅಮೆರಿಕದ ಪ್ರತಿಸಂಸ್ಕೃತಿಯವರು ಸಣ್ಣ ಸಣ್ಣ ಚೌಕಗಳಾಗಿ ತೂತುಗೆರೆ ಹಾಕಿದ ಹಾಳೆಗಳ ಮೇಲೆ ಚಿತ್ರಗಳನ್ನು ಅಚ್ಚುಹಾಕಿಸಿದರು. ಔಷಧಿಯಿಲ್ಲದ ಅಂಥ ಹಾಳೆಗಳನ್ನು ಇಂದು ಕಲಾಕೃತಿಗಳೆಂದು ಚೌಕಟ್ಟು ಹಾಕಿಸಿ ಸಂಗ್ರಹಿಸುವವರೂ ಇದ್ದಾರೆ.

ಚಿತ್ರಗಳಿಗಿಂತ ಗುರುತರವಾದುದು ತೂಕದ ಪ್ರಶ್ನೆ. ನಮ್ಮ ದೇಶದ 1985ರ ಮಾದಕದ್ರವ್ಯ ಕಾಯಿದೆಯ ಮೇರೆಗೆ ಎಲ್.ಎಸ್.ಡಿ.ಯ ಅಲ್ಪ ಪ್ರಮಾಣ 0.002 ಗ್ರಾಂ, ವಾಣಿಜ್ಯ ಪ್ರಮಾಣ 0.1 ಗ್ರಾಂ. ಮೊದಲನೆಯದಕ್ಕೆ ಹೆಚ್ಚೆಂದರೆ ಒಂದು ವರ್ಷದ ಸೆರೆ. ಎರಡನೆಯದಕ್ಕೆ ಕಡಮೆಯೆಂದರೆ ಹತ್ತು ವರ್ಷ. ತೂಗಬೇಕಾದುದು ದ್ರವ್ಯವನ್ನು ಮಾತ್ರವೋ, ಕಾಗದವನ್ನೂ ಸೇರಿಸಿಯೋ? ಅಮೆರಿಕದಲ್ಲಿ 1991ರಲ್ಲಿ ಚಾಪ್ಮನ್ ಮೊಕದ್ದಮೆಯ ತೀರ್ಪು ಕಾಗದವೂ ಸೇರಬೇಕೆಂದಿತು. ಆ ಮೊಕದ್ದಮೆಯ 1,000 ಚೌಕಗಳಲ್ಲಿ ದ್ರವ್ಯವಿದ್ದುದು ಸುಮಾರು 50 ಮಿಲಿಗ್ರಾಂ. ಕಾಗದವೂ ಸೇರಿ ಒಟ್ಟು ತೂಕ 5.7 ಗ್ರಾಂ. ಅದೇ ಕಾಗದವನ್ನು ನಮ್ಮ ಕಾಯಿದೆಯ ತಕ್ಕಡಿಯಲ್ಲಿಟ್ಟು ನಾವು ಲೆಕ್ಕಹಾಕಿ ನೋಡಿದೆವು. ದ್ರವ್ಯವನ್ನಷ್ಟೇ ತೂಗಿದರೆ ವಾಣಿಜ್ಯ ಪ್ರಮಾಣಕ್ಕೆ 2,000 ಚೌಕಗಳು ಬೇಕು. ಕಾಗದವನ್ನೂ ತೂಗಿದರೆ 18 ಸಾಕು. ಒಂದೇ ಒಂದು ಚೌಕವಿದ್ದರೂ ಅಲ್ಪ ಪ್ರಮಾಣದ ಮೇರೆ ಮೀರುತ್ತದೆ.

ಮಿಶ್ರಣದಲ್ಲಿರುವ ತಟಸ್ಥ ವಸ್ತುವಿನ ತೂಕವನ್ನೂ ಎಣಿಸಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ವಿಧಿಸಿತು. ಹೀರುಕಾಗದವೂ ಸೇರಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ 2021ರಲ್ಲಿ ತೀರ್ಮಾನಿಸಿತು. ದ್ರವ್ಯ ಹೀರಿದ ಕಾಗದವನ್ನೇ ನುಂಗುವುದರಿಂದ ಅದನ್ನು ಬರಿಯ ಹೊದಿಕೆಯೆನ್ನಲಾಗದೆಂಬ ವಾದದಲ್ಲಿ ಹುರುಳಿದೆ. ಆದರೆ ದಪ್ಪ ಕಾಗದವನ್ನು ಬಳಸಿದವನಿಗೆ ಹೆಚ್ಚು ಶಿಕ್ಷೆ, ತೆಳುವಾದುದನ್ನು ಬಳಸಿದವನಿಗೆ ಕಡಮೆ ಎಂಬ ಫಲವನ್ನು ನಾವು ನ್ಯಾಯವೆಂದು ಒಪ್ಪಲಾರೆವು. ಅಮೆರಿಕದ ದಂಡನಾ ಆಯೋಗ 1993ರಲ್ಲಿ ಕಾಗದದ ತೂಕವನ್ನು ಬಿಟ್ಟು ಪ್ರತಿ ಚೌಕಕ್ಕೆ 0.4 ಮಿಲಿಗ್ರಾಂ ಎಂದು ಎಣಿಸುವ ಕ್ರಮವನ್ನು ತನ್ನ ಸೂಚಿಗಳಲ್ಲಿ ಸೇರಿಸಿತು. ಶಾಸನ ನಿಗದಿಪಡಿಸಿದ ಕನಿಷ್ಠ ಶಿಕ್ಷೆಗೆ ಮಾತ್ರ ಅಲ್ಲಿಯೂ ಕಾಗದವನ್ನು ಸೇರಿಸಿಯೇ ತೂಗುತ್ತಾರೆ.