ಪದ್ಮಿನಿಯ ಮೊಣಕಾಲು

ಬಿನ್ನಿಪೇಟೆಯ ಓಣಿಗಳಲ್ಲಿ ಭಾನುವಾರದ ಬೆಳಗು ಕುಕ್ಕರಿನ ಸೀಟಿಯಿಂದಲೂ ದೇವಸ್ಥಾನದ ಗಂಟೆಯಿಂದಲೂ ಆರಂಭವಾಗುವುದು ವಾಡಿಕೆ. ಇವೆರಡರ ನಡುವೆ ಕೇಳಿಬರುವ ಇನ್ನೊಂದು ಸದ್ದನ್ನು ಹಳೆಯ ಕಾರಿನ ಒಡೆಯರು ಮಾತ್ರ ಗುರುತಿಸಬಲ್ಲರು. ರಸ್ತೆಯ ಉಬ್ಬನ್ನು ಏರಿ ಇಳಿಯುವಾಗ ಕಾರಿನ ಮುಂಭಾಗದಿಂದ ಹೊರಡುವ "ಕಟಕ್" ಎಂಬ ಸಣ್ಣ ಸದ್ದು ಅದು. ಮೊದಲ ತಿಂಗಳು ಅದು ಕಿವಿಗೆ ಬಿದ್ದರೂ ಮನಸ್ಸಿಗೆ ತಾಗುವುದಿಲ್ಲ. ಎರಡನೆಯ ತಿಂಗಳು ಡಿಕ್ಕಿಯಲ್ಲಿಟ್ಟ ಸ್ಟೆಪ್ನಿಯ ಮೇಲೋ ಸ್ಪ್ಯಾನರುಗಳ ಚೀಲದ ಮೇಲೋ ಅನುಮಾನ ಹುಟ್ಟುತ್ತದೆ. ಮೂರನೆಯ ತಿಂಗಳು ಮನೆಯಾಕೆಯೇ ಬಾಯಿಬಿಟ್ಟು ಕೇಳುತ್ತಾರೆ: "ಏನ್ರೀ ಅದು ಸದ್ದು? ಊರಿಗೆ ಹೊರಡೋಕೆ ಮುಂಚೆ ಒಂದ್ಸಲ ತೋರಿಸಬಾರದೆ?"

ತೋರಿಸಲೇಬೇಕು. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಅಷ್ಟೆ. ದಾರಿಹೋಕರು ನಾಲ್ವರು ಕೂಡಿ ತಳ್ಳಿದರೆ ಪಕ್ಕಕ್ಕೆ ಸರಿಯುತ್ತದೆ. ಮುಂದಿನ ಚಕ್ರವನ್ನು ಹಿಡಿದಿಟ್ಟ ಕೀಲುಗಳು ಕೆಟ್ಟರೆ ಕಾರು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಅಪಾಯವಿರುವುದೇ ಅಲ್ಲಿ. ಕೆಂಗೇರಿ ದಾಟಿ ಮೈಸೂರಿನ ಹೆದ್ದಾರಿಯಲ್ಲಿ ವೇಗ ಹೆಚ್ಚಿದಾಗ ಆ ಕೀಲು ಕೈಕೊಟ್ಟರೆ ಚಕ್ರ ಒಳಕ್ಕೆ ಮಡಿಚಿಕೊಳ್ಳಬಹುದು. ಆಗ ಚಾಲಕನ ಕೈಯಲ್ಲಿರುವ ಸ್ಟಿಯರಿಂಗಿಗೂ ಕಾರು ಹೋಗುವ ದಿಕ್ಕಿಗೂ ಯಾವ ಸಂಬಂಧವೂ ಉಳಿಯುವುದಿಲ್ಲ.

ಬಿನ್ನಿಪೇಟೆಗೆ ಯಂತ್ರಗಳ ಸಹವಾಸ ಹೊಸದಲ್ಲ. 1884ರಲ್ಲಿ ಸ್ಥಾಪನೆಯಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲು, ಅಂದರೆ ಜನರ ಬಾಯಲ್ಲಿನ ಬಿನ್ನಿ ಮಿಲ್ಲು, ಈ ಬಡಾವಣೆಗೆ ಹೆಸರನ್ನೂ ಅನ್ನವನ್ನೂ ಕೊಟ್ಟಿತು. ಇಂದು ಆ ಮಿಲ್ಲು ಇಲ್ಲ. ಅದರ ವಿಶಾಲವಾದ ನೆಲದಲ್ಲಿ ಬಹುಮಹಡಿ ವಸತಿಗಳೂ ಮಾಲ್ ಒಂದೂ ಎದ್ದು ನಿಂತಿವೆ. ಆ ಗೋಪುರಗಳ ನೆಲಮಾಳಿಗೆಯ ಹೊಸ ಕಾರುಗಳ ನಡುವೆಯೂ ಹಳೆಯ ಓಣಿಗಳ ಮನೆಮುಂದೆಯೂ ಅಲ್ಲೊಂದು ಇಲ್ಲೊಂದು ಪ್ರೀಮಿಯರ್ ಪದ್ಮಿನಿ ಹೊದಿಕೆ ಹೊದ್ದು ಕುಳಿತಿರುವುದುಂಟು. ಮಗಳ ಮದುವೆಗೆ ಮೊದಲು ಕೊಂಡ ಕಾರು, ಈಗ ಮೊಮ್ಮಕ್ಕಳು ಹತ್ತುವ ಕಾರು.

ಈ ಪದ್ಮಿನಿ ಬೆಂಗಳೂರಿನ ಮಗಳೇ ಆಗಬಹುದಾಗಿತ್ತು ಎಂಬುದು ಅನೇಕರಿಗೆ ತಿಳಿಯದು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಭಾರತದಲ್ಲೂ ಅಂತಹದೊಂದನ್ನು ಕಟ್ಟಬೇಕೆಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದಕ್ಕೆ ಹೆಗಲು ಕೊಟ್ಟರು. ಮೈಸೂರು ಸಂಸ್ಥಾನವೂ ಕೈಜೋಡಿಸಲು ಮುಂದಾಗಿತ್ತು. ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಕಡೆಗೆ 1944ರಲ್ಲಿ ವಾಲ್‌ಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಆರಂಭಿಸಿದರು. 1950ರ ದಶಕದಲ್ಲಿ ಅದರ ಕುರ್ಲಾ ಕಾರ್ಖಾನೆಯಿಂದ ಇಟಲಿಯ ಫಿಯಟ್ 1100 ಕಾರು ಹೊರಬರತೊಡಗಿತು. 1970ರ ದಶಕದಲ್ಲಿ ಅದೇ ಕಾರು ಪದ್ಮಿನಿ ಎಂಬ ಹೆಸರು ತಳೆದು, ಶತಮಾನದ ಕೊನೆಯವರೆಗೂ ಹೆಚ್ಚು ಬದಲಾಗದೆ ತಯಾರಾಯಿತು. ಮುಂಬಯಿಯ ಟ್ಯಾಕ್ಸಿ ನಿಲ್ದಾಣಗಳಿಂದಲೂ ಅದು 2023ರಲ್ಲಿ ಮರೆಯಾಯಿತು.

ಇಷ್ಟು ವರ್ಷ ಬಾಳಿದ ಕಾರಿನ ಮುಂಗಾಲುಗಳ ರಚನೆ ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಒಂದೊಂದು ಮುಂಚಕ್ರಕ್ಕೂ ಮೇಲೊಂದು ಕೆಳಗೊಂದು ಉಕ್ಕಿನ ತೋಳು. ಕಾರಿನ ಭಾರ ಹೊತ್ತ ಸುರುಳಿ ಸ್ಪ್ರಿಂಗ್ ಕೆಳತೋಳನ್ನು ಸದಾ ಒತ್ತುತ್ತಿರುತ್ತದೆ. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ತೋಳುಗಳ ಹೊರತುದಿಯಲ್ಲಿ ನಿಂತ ಗಟ್ಟಿ ಉಕ್ಕಿನ ಗೂಟವೇ ಕಿಂಗ್‌ಪಿನ್. ಚಕ್ರ ಎಡಬಲಕ್ಕೆ ಹೊರಳುವುದು ಅದರ ಸುತ್ತ. ಉಕ್ಕು ಉಕ್ಕನ್ನು ಉಜ್ಜದಂತೆ ಪಿನ್ನಿಗೆ ಲೋಹದ ಬುಶ್ಶುಗಳು. ತೋಳುಗಳು ಕಾರಿನ ಚೌಕಟ್ಟಿಗೆ ಸೇರುವೆಡೆಯಲ್ಲಿ ರಬ್ಬರಿನ ಬುಶ್ಶುಗಳು. ಮೊಣಕಾಲಿನ ಮೂಳೆಗಳ ನಡುವಣ ಮೆತ್ತೆಯಂತೆಯೇ ಇವು. ಕಿಲೋಮೀಟರೊಂದಕ್ಕೆ ಪದ್ಮಿನಿಯ ಚಕ್ರ 500ಕ್ಕೂ ಹೆಚ್ಚು ಸಲ ಉರುಳುತ್ತದೆ. ಮೆಟ್ರೋ ಬಂದ ಮೇಲೂ ಮಾಗಡಿ ರಸ್ತೆಯ ಗುಂಡಿಗಳು ಹೋಗಲಿಲ್ಲ. ಆ ಪೆಟ್ಟುಗಳೆಲ್ಲ ಮೊದಲು ಬೀಳುವುದು ಈ ಮೆತ್ತೆಯ ಮೇಲೆ. ದುಬಾರಿಯ ತೋಳೂ ಗೂಡೂ ಉಳಿಯಲೆಂದೇ ಅಗ್ಗದ ಬುಶ್ಶು ಸವೆಯುತ್ತದೆ. ಅದು ಸವೆದದ್ದು ತಪ್ಪಲ್ಲ. ಸವೆದದ್ದನ್ನು ಬದಲಿಸದಿರುವುದು ತಪ್ಪು.

ಆದರೆ ಸವೆದದ್ದು ಯಾವುದು? ಇಲ್ಲಿಯೇ ಹಳೆಯ ಕೈಯ ಮೆಕ್ಯಾನಿಕ್ಕಿಗೂ ಊಹೆಯ ಮೇಲೆ ಬಿಚ್ಚುವವನಿಗೂ ಇರುವ ವ್ಯತ್ಯಾಸ ಗೊತ್ತಾಗುವುದು. ಜಾಕ್ ಏರಿಸಿ ಚಕ್ರ ನೆಲ ಬಿಟ್ಟ ಮೇಲೆ ಆತ ಟೈರಿನ ನೆತ್ತಿಯನ್ನೂ ಬುಡವನ್ನೂ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸುತ್ತಾನೆ. ಮುಂದಿನ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

"ಶಾಕಾಬ್ಸರ್ ಹೋಗಿದೆಯೇನಪ್ಪಾ?"

"ಇರಿ ಸಾರ್. ಒಳಗೆ ಕೂತ್ಕೊಂಡು ಒಂದ್ಸಲ ಬ್ರೇಕ್ ತುಳೀರಿ... ಹಾಗೇ ಹಿಡ್ಕೊಳ್ಳಿ. ನೋಡಿ, ಇನ್ನೂ ಆಡ್ತಾ ಇದೆ. ಬೇರಿಂಗ್ ಅಲ್ಲ ಸಾರ್ ಇದು, ಕಿಂಗ್‌ಪಿನ್ನೇ."

ಬ್ರೇಕ್ ತುಳಿಸಿದ್ದಕ್ಕೆ ಕಾರಣವಿದೆ. ಬ್ರೇಕ್ ಹಿಡಿದಾಗ ಚಕ್ರವೂ ಅದರ ಹಿಂದಣ ಭಾಗವೂ ಒಂದೇ ತುಂಡಿನಂತೆ ಬಿಗಿಯುತ್ತವೆ. ಅಲುಗಾಟ ಆಗ ಮಾಯವಾದರೆ ದೋಷ ಚಕ್ರದ ಬೇರಿಂಗಿನದು, ಉಳಿದರೆ ಪಿನ್ನಿನದು. ಟೈರಿನ ಎಡಬಲ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಆಡಿದರೆ ಸ್ಟಿಯರಿಂಗಿನ ಟೈರಾಡ್ ಕೀಲುಗಳನ್ನು ನೋಡಬೇಕು. ಶಾಕ್ ಅಬ್ಸಾರ್ಬರಿನ ಪರೀಕ್ಷೆ ಇನ್ನೂ ಸುಲಭ: ಮಡ್‌ಗಾರ್ಡನ್ನು ಬಲವಾಗಿ ಅದುಮಿ ಬಿಟ್ಟರೆ ಕಾರು ಒಮ್ಮೆ ಎದ್ದು ನಿಲ್ಲಬೇಕು, ಉಯ್ಯಾಲೆಯಾಡಿದರೆ ಅದರ ಆಯುಸ್ಸು ಮುಗಿದಂತೆ. ಪಿನ್ನಿನಲ್ಲಿ ಕೂದಲೆಳೆಯಷ್ಟು ಸಡಿಲವಾದರೂ ಟೈರಿನ ಅಂಚಿನಲ್ಲಿ ಅದು ಹಲವು ಪಟ್ಟಾಗಿ ಕಾಣುವುದರಿಂದ ಈ ಕೈಪರೀಕ್ಷೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ.

ಬಿಡಿಭಾಗಗಳಿಗೆ ಜೆ. ಸಿ. ರಸ್ತೆಗೋ ಕಲಾಸಿಪಾಳ್ಯಕ್ಕೋ ಹೋಗಬೇಕು. ಕಾರಿನ ತಯಾರಿಕೆಯೇ ನಿಂತ ಮೇಲೆ ಅಂಗಡಿಯವರು ಕೊಡುವುದರಲ್ಲಿ ಹಳೆಯ ದಾಸ್ತಾನು ಯಾವುದು, ನಕಲು ಯಾವುದು ಎಂಬುದನ್ನು ಕಂಡುಹಿಡಿಯುವುದೇ ಒಂದು ವಿದ್ಯೆ. ಅನುಭವಸ್ಥರು ಜೇಬಿನಲ್ಲೊಂದು ಸಣ್ಣ ಅರ ಇಟ್ಟುಕೊಂಡು ಹೋಗುವುದುಂಟು. ಹದವಾಗಿ ಗಡಸುಗೊಳಿಸಿದ ಪಿನ್ನಿನ ಮೇಲೆ ಅರ ಹಿಡಿಯದೆ ಜಾರುತ್ತದೆ. ಮೆತ್ತನೆಯ ನಕಲಿನ ಮೇಲೆ ಗೀರು ಬೀಳುತ್ತದೆ. ಅಂಗಡಿಯವರ ಮುಖ ಅರೆಗಳಿಗೆ ಬಾಡೀತು, ಬಾಡಲಿ. ಒಂದೇ ಕಡೆ ಸದ್ದು ಬಂದರೂ ಎರಡು ಕಡೆಗೂ ಕೊಳ್ಳುವುದು ಲೇಸು. ಹೊಸ ಕಾಲೂ ಹಳೆಯ ಕಾಲೂ ಕೂಡಿ ನಡೆದರೆ ಕಾರು ಒಂದು ಪಕ್ಕಕ್ಕೆ ಎಳೆಯತೊಡಗುತ್ತದೆ.

ಇನ್ನು ಕೆಲಸ. ಕಾರು ಸಮನೆಲದಲ್ಲಿರಬೇಕು, ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಡಬೇಕು, ಜಾಕಿನಿಂದ ಎತ್ತಿದ ಭಾರವನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಇಳಿಸಬೇಕು. ಇಟ್ಟಿಗೆ ಜೋಡಿಸಿ ಅದರ ಮೇಲೆ ಕಾರು ನಿಲ್ಲಿಸಿ ಕೆಳಗೆ ನುಸುಳುವ ಧೈರ್ಯವನ್ನು ಯಾರೂ ಮೆಚ್ಚಬಾರದು. ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಅದಕ್ಕಿಂತ ದೊಡ್ಡ ಗಂಡಾಂತರ ಸ್ಪ್ರಿಂಗಿನದು. ಕಾರಿನ ಭಾರಕ್ಕೆ ಅದುಮಿ ಕುಳಿತ ಸುರುಳಿ, ತೋಳನ್ನು ಬಿಚ್ಚಿದೊಡನೆ ಬಿಲ್ಲಿನಿಂದ ಬಿಟ್ಟ ಬಾಣದಂತೆ ಚಿಮ್ಮಬಲ್ಲದು. ಕಂಪ್ರೆಸರ್ ಎಂಬ ಸಲಕರಣೆಯಿಂದ ಅದನ್ನು ಮೊದಲು ಕಟ್ಟಿಹಾಕದೆ ಕೆಳತೋಳಿನ ನಟ್ಟಿಗೆ ಸ್ಪ್ಯಾನರ್ ತಾಗಿಸಬಾರದು. ಮನೆಯ ಅಂಗಳದಲ್ಲಿ ಎಣ್ಣೆ ಬದಲಿಸುವ ಹವ್ಯಾಸಿಗಳು ಈ ಘಟ್ಟದಲ್ಲಿ ಗ್ಯಾರೇಜಿಗೆ ಶರಣಾಗುವುದೇ ಮೇಲು.

ಚಕ್ರ, ಡ್ರಮ್ ಕಳಚಿದ ಮೇಲೆ ಬ್ರೇಕಿನ ತಟ್ಟೆಯನ್ನು ತಂತಿಯಿಂದ ತೂಗುಹಾಕುತ್ತಾರೆ. ಅದರ ಭಾರ ಬ್ರೇಕಿನ ರಬ್ಬರ್ ಕೊಳವೆಯ ಮೇಲೆ ಬೀಳಬಾರದು. ವರ್ಷಗಟ್ಟಲೆ ಗ್ರೀಸ್ ಕಾಣದ ಹಳೆಯ ಪಿನ್ನು ತುಕ್ಕಿನಿಂದ ಕಚ್ಚಿ ಕುಳಿತಿದ್ದರೆ ಅರ್ಧ ದಿನ ಅದಕ್ಕೇ ಸಲ್ಲುತ್ತದೆ. ಹೊಸ ಬುಶ್ಶುಗಳನ್ನು ಒತ್ತಿ ಕೂರಿಸುವಾಗ ಅವುಗಳ ರಂಧ್ರ ಗ್ರೀಸ್ ನಿಪ್ಪಲಿನ ರಂಧ್ರಕ್ಕೆ ಸರಿಯಾಗಿ ಎದುರಾಗಬೇಕು. ಒಂದಿಷ್ಟು ತಪ್ಪಿದರೂ ಮುಂದೆ ಎಷ್ಟು ಗ್ರೀಸ್ ತುಂಬಿದರೂ ಅದು ಹೊರಗೇ ಉಳಿಯುತ್ತದೆ. ಆಮೇಲೆ ರೀಮರ್ ಆಡಿಸಿ ಬುಶ್ಶಿನ ಒಳಮೈಯನ್ನು ಪಿನ್ನಿನ ಅಳತೆಗೆ ತರುವುದು. ಕೈಯ ಹದ ಬೇಕಾದದ್ದು ಇಲ್ಲಿಯೇ. ಎಣ್ಣೆ ಸವರಿದ ಪಿನ್ನು ಹೆಬ್ಬೆರಳಿನ ಒತ್ತಡಕ್ಕೆ ಮೆಲ್ಲಗೆ ಇಳಿಯಬೇಕು. ತಾನಾಗಿ ಬೀಳಬಾರದು, ಸುತ್ತಿಗೆಯನ್ನೂ ಬೇಡಬಾರದು.

ರಬ್ಬರ್ ಬುಶ್ಶಿನ ವಿಷಯದಲ್ಲಿ ಆಗುವ ತಪ್ಪು ಬೇರೆ. ಈ ಬುಶ್ಶು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ತೋಳು ಮೇಲೆ ಕೆಳಗೆ ಆಡಿದಷ್ಟೂ ರಬ್ಬರ್ ತಿರುಚಿ ಮತ್ತೆ ಸ್ವಸ್ಥಾನಕ್ಕೆ ಮರಳುತ್ತದೆ. ಚಕ್ರ ಗಾಳಿಯಲ್ಲಿ ಜೋತಿರುವಾಗಲೇ ಬೋಲ್ಟನ್ನು ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಹಗಲಿರುಳೂ ನರಳಿ ಬೇಗನೆ ಹರಿದುಹೋಗುತ್ತದೆ. "ಹೊಸ ಬುಶ್ಶು ಹಾಕಿಸಿ ಆರು ತಿಂಗಳೂ ಆಗಲಿಲ್ಲ" ಎಂಬ ದೂರು ಕೇಳಿದಾಗ ಅಂಗಡಿಯ ಮಾಲನ್ನು ಬಯ್ಯುವ ಮುನ್ನ ಇದನ್ನು ವಿಚಾರಿಸಬೇಕು. ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಕಾರನ್ನು ಚಕ್ರಗಳ ಮೇಲೆ ಇಳಿಸಿ, ಎರಡು ಸಲ ಅದುಮಿ ಕುಣಿಸಿ, ಅನಂತರವೇ ಕೊನೆಯ ಬಿಗಿತ ಕೊಡತಕ್ಕದ್ದು. ರಬ್ಬರಿಗೆ ಎಂಜಿನ್ ಎಣ್ಣೆ ತಾಗಿಸಬಾರದು, ಉಬ್ಬಿ ಕೊಳೆಯುತ್ತದೆ.

ಪಕ್ಕದ ಮನೆಯವರ ಅಂಬಾಸಿಡರಿಗೆ ಇದೇ ಚಿಕಿತ್ಸೆ ಯಥಾವತ್ತಾಗಿ ನಡೆಯದು. 2014ರವರೆಗೂ ಉತ್ತರಪಾರಾದಲ್ಲಿ ತಯಾರಾದ ಆ ಕಾರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಉದ್ದನೆಯ ಉಕ್ಕಿನ ಸಲಾಕೆ ತಿರುಚಿಕೊಂಡೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರು ಇನ್ನಷ್ಟು ಎಚ್ಚರ ವಹಿಸಬೇಕು. ಅದರ ಕೆಳಗಣ ಕೀಲು ಮರೆ ಸುತ್ತಿದ ಕಂಚಿನ ಗೂಡು; ಟ್ರನಿಯನ್ ಎಂದು ಅದರ ಹೆಸರು. ಅದು ಬೇಡುವುದು ದಪ್ಪನೆಯ ಗೇರ್ ಎಣ್ಣೆಯನ್ನು, ಗ್ರೀಸನ್ನಲ್ಲ. ಎಲ್ಲ ನಿಪ್ಪಲಿಗೂ ಒಂದೇ ಗ್ರೀಸ್ ಗನ್ ಹಿಡಿಯುವ ಅಭ್ಯಾಸದಿಂದ ಗ್ರೀಸ್ ಒಳಗೇ ಗಟ್ಟಿಯಾಗಿ, ಮರೆಗೆ ಎಣ್ಣೆ ತಲುಪದೆ, ತುಕ್ಕು ತಿಂದು, ಕೊನೆಗೊಂದು ದಿನ ಆ ಉಕ್ಕು ಮುರಿಯುತ್ತದೆ. ಎಡಗಡೆಯ ಮರೆ ಬಲಗಡೆಯದಕ್ಕೆ ವಿರುದ್ಧವಾದದ್ದರಿಂದ ಒಂದರ ಬದಲು ಇನ್ನೊಂದು ಕೂರುವುದೂ ಇಲ್ಲ.

ಎಲ್ಲ ಜೋಡಿಸಿದ ಮೇಲೂ ಉಳಿಯುವ ಖರ್ಚೊಂದಿದೆ. ಅದನ್ನು ಉಳಿಸುವ ಆಸೆ ಮಧ್ಯಮವರ್ಗದ ಕೈಗೆ ಸಹಜ. ಕೀಲು ಬದಲಾದ ಕಾರಿನ ಚಕ್ರಗಳು ಹಳೆಯ ಕೋನದಲ್ಲಿ ನಿಲ್ಲುವುದಿಲ್ಲ. ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರು ಕೆಲವೇ ತಿಂಗಳಲ್ಲಿ ಒಂದಂಚಿನಿಂದ ಸವೆದು, ಉಳಿಸಿದ ಹಣದ ಹಲವು ಪಟ್ಟನ್ನು ವಸೂಲಿ ಮಾಡುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಅದಕ್ಕಾಗಿ ಕಾರನ್ನು ತಪಾಸಣೆಗೆ ಒಯ್ಯುವ ಮುನ್ನ ಹೊಸ ಬಣ್ಣ ಹೊಡೆಸುವವರು ಬಹಳ. ಚಕ್ರ ಎತ್ತಿ ಅಲುಗಿಸಿ ನೋಡುವವರು ವಿರಳ.

ಸಂಜೆಯ ಹೊತ್ತಿಗೆ ಕಾರು ಗ್ಯಾರೇಜಿನಿಂದ ಹೊರಬರುತ್ತದೆ. ಸ್ಟಿಯರಿಂಗ್ ತುಸು ಬಿಗಿಯೆನಿಸುವುದು ಸಹಜ. ಹೊಸ ಪಿನ್ನು ಓಡಿದಂತೆಲ್ಲ ಹದಕ್ಕೆ ಬರುತ್ತದೆ. "ಐನೂರು ಕಿಲೋಮೀಟರ್ ಆದ್ಮೇಲೆ ಒಂದ್ಸಲ ತನ್ನಿ ಸಾರ್, ಬೋಲ್ಟೆಲ್ಲಾ ನೋಡ್ಬಿಡೋಣ, ಗ್ರೀಸೂ ಹೊಡೀಬೇಕು" ಎನ್ನುತ್ತಾನೆ ಮೆಕ್ಯಾನಿಕ್, ಕಾಟನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತ. ಯಜಮಾನರು ಮನೆಯ ತಿರುವಿನ ಉಬ್ಬನ್ನು ಎಂದಿಗಿಂತ ನಿಧಾನವಾಗಿ ಏರಿಸಿ, ಕಿಟಕಿಯ ಗಾಜು ಇಳಿಸಿ, ಕಿವಿಗೊಟ್ಟು ಇಳಿಸುತ್ತಾರೆ. ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ ಮಗುಚಿದ ಸದ್ದು ಮಾತ್ರ ಕೇಳುತ್ತದೆ.